ಮಾಲೀಕ ಬದುಕಿದ್ದಾನೆ

ಸೂರತ್, ಶನಿವಾರ, 11 ಜನವರಿ 2025
(ಬರೆದು ಕಳುಹಿಸದೆ ಉಳಿಸಿದ್ದು)

ವಾಸುದೇವ ಅವರಿಗೆ,

ನಾನು ಸಾವಿತ್ರಿ, ಕಶ್ಯಪನ ತಾಯಿ. ನಿಮ್ಮನ್ನು ನೋಡಿದವಳಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ನಿಮ್ಮ ಹೆಸರು ಕಂಡೆ. ಈ ಆಟದವರ ಪಟ್ಟಿಯಲ್ಲಿ ನಮ್ಮ ಕಡೆಯವರು ಅನ್ನಿಸಿದ್ದು ನೀವೊಬ್ಬರೇ.

ಕಶ್ಯಪ ಈಗ ಇಲ್ಲ. ಕಳೆದ ಜುಲೈ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಐದಕ್ಕೇ ಬೈಕ್ ತೆಗೆದ. ಉಪ್ಪಿಟ್ಟು ಮಾಡಿಕೊಡುತ್ತೇನೆ ಎಂದರೆ "ಟೈಮ್ ಇಲ್ಲ ಅಮ್ಮ" ಎಂದ. ಎಲ್ಲಿಗೆ ಎಂದು ಹೇಳಲಿಲ್ಲ. ಭರೂಚ್ ದಾಟಿದ ಮೇಲೆ, ಮಳೆಯಲ್ಲಿ, ರಸ್ತೆ ಬದಿಗೆ ನಿಂತಿದ್ದ ಲಾರಿಗೆ ಹೋಗಿ ಗುದ್ದಿದನಂತೆ. ಫೋನೂ ಪುಡಿಯಾಗಿತ್ತು. ಅವನಿಗೆ ಇಪ್ಪತ್ತಾರು ವರ್ಷ.

ಈ ಜಿಯೋಕ್ಯಾಶಿಂಗ್ ಎಂಬುದು ನನಗೆ ಅರ್ಥವಾಗಿದ್ದು ಅವನು ಹೋದ ಮೇಲೆ. ಯಾರೋ ಒಂದು ಸಣ್ಣ ಡಬ್ಬಿಯನ್ನು ಊರಿನ ಯಾವುದೋ ಮೂಲೆಯಲ್ಲಿ ಅಡಗಿಸಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಸೈಟಿನಲ್ಲಿ ಹಾಕುತ್ತಾರೆ. ಗುರುತು ಪರಿಚಯವಿಲ್ಲದವರು ಫೋನು ಹಿಡಿದು ಬಂದು ಹುಡುಕುತ್ತಾರೆ. ಸಿಕ್ಕಿದರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದ ಜಾಗದಲ್ಲೇ ಇಟ್ಟು, ಸೈಟಿನಲ್ಲಿ ದಾಖಲಿಸಿ ಹೋಗುತ್ತಾರೆ. ಅಷ್ಟೇ ಆಟ. ಕಶ್ಯಪ ಇಟ್ಟದ್ದು ಹನ್ನೊಂದು ಡಬ್ಬಿ. ಸೂರತ್ತಿನಲ್ಲಿ ಏಳು, ವಡೋದರಾದಲ್ಲಿ ಮೂರು, ನಿಮ್ಮ ಅಹಮದಾಬಾದಿನಲ್ಲಿ ಒಂದು.

ಕಾಂಕರಿಯಾ ಕೆರೆಯ ಹತ್ತಿರದ ಡಬ್ಬಿಯ ಬಗ್ಗೆ ನೀವು ನಿನ್ನೆ ಇಂಗ್ಲಿಷಿನಲ್ಲಿ ಬರೆದಿದ್ದೀರಿ. ಡಬ್ಬಿ ಒಡೆದಿದೆ, ಚೀಟಿ ನೆನೆದು ಮುದ್ದೆಯಾಗಿದೆ, ಆರು ತಿಂಗಳಿಂದ ಕೇಳುವವರಿಲ್ಲ, ಮಾಲೀಕ ಬದುಕಿದ್ದಾನೋ ಸತ್ತಿದ್ದಾನೋ ಎಂದು. ಅದರ ಕೆಳಗೆ ಸೈಟಿನವರ ನೋಟಿಸು: ಮೂವತ್ತು ದಿನದೊಳಗೆ ಮಾಲೀಕ ಉತ್ತರ ಕೊಡದಿದ್ದರೆ ಡಬ್ಬಿಯನ್ನು ಪಟ್ಟಿಯಿಂದ ತೆಗೆಯುತ್ತಾರಂತೆ.

ನೀವು ಕೇಳಿದ ಪ್ರಶ್ನೆಗೆ ನಾನು ಏನೆಂದು ಉತ್ತರ ಕೊಡಲಿ? ಸತ್ತಿದ್ದಾನೆ ಎಂದರೆ ಹನ್ನೊಂದನ್ನೂ ತೆಗೆಯುತ್ತಾರೆ. ಮತ್ತೆ ಹನ್ನೊಂದು ಸಲ ಅವನು…


ಸೂರತ್, 11 ಜನವರಿ 2025

ಪೂಜ್ಯ ವಾಸುದೇವ ಅವರಿಗೆ ನಮಸ್ಕಾರಗಳು.

ಮಾಲೀಕ ಬದುಕಿದ್ದಾನೆ. ಮಿಲ್ಲಿನ ಕೆಲಸದಲ್ಲಿ ಪುರುಸೊತ್ತಾಗಲಿಲ್ಲ. ಎಲ್ಲ ಡಬ್ಬಿಗಳನ್ನೂ ಒಂದೊಂದಾಗಿ ಸರಿಮಾಡುತ್ತೇನೆ. ದಯವಿಟ್ಟು ಇನ್ನು ಯಾವುದರ ಮೇಲೂ ದೂರು ಹಾಕಬೇಡಿ. ಸ್ವಲ್ಪ ಸಮಯ ಕೊಡಿಸಿ.

ಇಂತಿ,
ಕಶ್ಯಪ್


ಅಹಮದಾಬಾದ್, 12 ಜನವರಿ 2025

ಏನೋ ಮಾರಾಯ! ನಾನು ಯಾವಾಗಿನಿಂದ ಪೂಜ್ಯನಾದೆ? ಅಂಕಲ್ ಅಂಕಲ್ ಎನ್ನುತ್ತಿದ್ದವನಿಗೆ ಏನಾಯಿತು?

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಕನ್ನಡ! ಸೂರತ್ತಿನಲ್ಲಿ ಹುಟ್ಟಿ ಬೆಳೆದವನು, ನಾಮಫಲಕ ಓದಲೂ ತಿಣುಕುತ್ತಿದ್ದವನು. ಸರಖೇಜಿನಲ್ಲಿ ಒಟ್ಟಿಗೆ ಡಬ್ಬಿ ಹುಡುಕಿದ ದಿನ ಚೀಟಿಯ ಮೇಲೆ ನಿನ್ನ ಹೆಸರು ಕನ್ನಡದಲ್ಲಿ ಬರೆ ಎಂದರೆ ಶಕಾರವನ್ನು ತಲೆಕೆಳಗು ಮಾಡಿದ್ದೆ. ಈಗ ಒತ್ತಕ್ಷರ ಒಂದೂ ತಪ್ಪಿಲ್ಲ. ಕಲಿ ಕಲಿ ಎಂದು ನಾನು ತಲೆ ತಿಂದದ್ದಕ್ಕೆ ಆರು ತಿಂಗಳು ಮುನಿಸಿಕೊಂಡು ಕಲಿತೆ ಎಂದು ತಿಳಿಯಲೇ? ನನಗೆ ಬೇರೆ ಏನೂ ಬೇಡ.

ಕಾಂಕರಿಯಾದಲ್ಲಿ ಇವತ್ತು ಬೆಳಿಗ್ಗೆಯೇ ನಾನು ಹೊಸ ಡಬ್ಬಿ, ಹೊಸ ಚೀಟಿ ಹಾಕಿ ಬಂದೆ. ಸತ್ತಿದ್ದಾನೋ ಎಂದು ಬರೆದದ್ದು ಸಿಟ್ಟಿನಲ್ಲಿ. ಅದನ್ನು ಅಳಿಸಿದ್ದೇನೆ. ಜುಲೈ ವಿಷಯ ನಾನಾಗಿ ಎತ್ತುವುದಿಲ್ಲ. ಆ ದಿನ ನಾನೂ ಹೆಚ್ಚು ಮಾತಾಡಿದೆ.

ಬರೆಯುತ್ತಿರು. ಇಲ್ಲಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುವವರು ಯಾರೂ ಉಳಿದಿಲ್ಲ.

ವಾಸುದೇವ ಅಂಕಲ್


ಸೂರತ್, 26 ಜನವರಿ 2025

ಅಂಕಲ್,

ಮೊನ್ನೆ ಮಧ್ಯಾಹ್ನ ಕತಾರ್‌ಗಾಮಿಗೆ ಹೋಗಿದ್ದೆ, ಡಚ್ಚರ ಗೋರಿಗಳ ಹತ್ತಿರದ ಡಬ್ಬಿ ನೋಡಲು. ಫೋನು ಇಲ್ಲೇ ಎನ್ನುತ್ತದೆ, ಎರಡು ಹೆಜ್ಜೆ ಇಟ್ಟರೆ ಹಿಂದೆ ಎನ್ನುತ್ತದೆ. ಮುಕ್ಕಾಲು ಗಂಟೆ ಅದೇ ಬೇಲಿಯ ಪಕ್ಕ ಸುತ್ತಿದೆ. ಕಾವಲುಗಾರ ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಬಾಯಿಗೆ ಬಂದದ್ದು ಹೇಳಿದೆ, ಕಿವಿಯೋಲೆ ಬಿದ್ದಿದೆ ಎಂದು. ಪಾಪ, ಅವನೂ ಬಗ್ಗಿ ಹುಡುಕತೊಡಗಿದ.

ಕೊನೆಗೆ ಬೇಲಿಯ ಕಬ್ಬಿಣದ ಕಂಬದ ಹಿಂದೆ ಕೈ ಸವರಿದಾಗ ಬೆರಳಿಗೆ ಏನೋ ತಗುಲಿತು. ಹೆಬ್ಬೆರಳಿನಷ್ಟು ದೊಡ್ಡದು, ಅಯಸ್ಕಾಂತದಿಂದ ಅಂಟಿಕೊಂಡಿತ್ತು. ಅಂಕಲ್, ನಾನು ಜೋರಾಗಿ ನಕ್ಕುಬಿಟ್ಟೆ. ನನ್ನ ನಗು ನನಗೇ ಹೊಸದಾಗಿ ಕೇಳಿಸಿತು. ಚೀಟಿಯಲ್ಲಿ ನಲವತ್ತೊಂದು ಹೆಸರಿತ್ತು. ಪುಣೆಯವರು, ಜರ್ಮನಿಯವರು, ಒಂದು ಮಗುವಿನ ಬೆರಳಚ್ಚು. ಇಷ್ಟು ಜನ ಇಲ್ಲಿಗೆ ಬಂದಿದ್ದರು ಎಂದು ಗೊತ್ತೇ ಇರಲಿಲ್ಲ. ಚೀಟಿ ಒಣಗಿಯೇ ಇತ್ತು. ಹಾಗೇ ಇಟ್ಟು ಬಂದೆ.

ಇನ್ನು ಆರು ಇಲ್ಲಿವೆ. ವಡೋದರಾದ ಮೂರಕ್ಕೂ ಯಾರೋ ದೂರು ಹಾಕಿದ್ದಾರೆ. ಅಲ್ಲಿಗೆ ಹೋಗುವುದು ಹೇಗೆ ಎಂದು ತಿಳಿಯುತ್ತಿಲ್ಲ.

ಕಶ್ಯಪ್


ಅಹಮದಾಬಾದ್, 2 ಫೆಬ್ರುವರಿ 2025

ಕಶ್ಯಪ,

ನೀನೇ ಇಟ್ಟ ಡಬ್ಬಿಯನ್ನು ಮುಕ್ಕಾಲು ಗಂಟೆ ಹುಡುಕಿದೆಯಾ! ನನ್ನ ವಯಸ್ಸಿನ ಮರೆವು ನಿನಗೂ ಬಂತೇ? ಕಿವಿಯೋಲೆಯ ನೆಪ ಮಾತ್ರ ಭೇಷಾಗಿದೆ. ಹೊಸ ಫ್ಯಾಷನ್ನೋ ಏನೋ.

ತಮಾಷೆ ಬಿಡು. ಜೀವಮಾನದಲ್ಲಿ ಮೊದಲ ಡಬ್ಬಿ ಸಿಕ್ಕವರ ಹಾಗೆ ಬರೆದಿದ್ದೀಯ. ಓದಿ ನನ್ನ ಮೊದಲ ಡಬ್ಬಿ ನೆನಪಾಯಿತು. ನನ್ನ ಹೆಂಡತಿ ಜಯಂತಿ ತೀರಿಕೊಂಡ ವರ್ಷ. ಮಣಿನಗರದ ಹೋಟೆಲನ್ನು ಮಗ ಸೊಸೆ ನೋಡಿಕೊಳ್ಳುತ್ತಿದ್ದರು, ಈಗಲೂ ಅವರೇ. ನಾನು ನಲವತ್ತು ವರ್ಷ ದೋಸೆ ಹುಯ್ದ ಕಾವಲಿಯ ಹತ್ತಿರ ಹೋದರೆ "ಪಪ್ಪಾ, ನೀವು ಕೂತ್ಕೊಳ್ಳಿ" ಎಂದು ಗುಜರಾತಿಯಲ್ಲಿ ಹೇಳುತ್ತಾರೆ. ಎಷ್ಟು ಅಂತ ಕೂರುವುದು? ಮೊಮ್ಮಕ್ಕಳದ್ದು ಪೂರ್ತಿ ಗುಜರಾತಿ. ನಾನು ಕನ್ನಡದಲ್ಲಿ ಕರೆದರೆ ನಗುತ್ತವೆ. ಆಗ ಯಾರೋ ಗಿರಾಕಿ ಈ ಆಟ ತೋರಿಸಿದ. ಎಲ್ಲಿಯಾದರೂ ಹೋಗಲು ಒಂದು ಕಾರಣ ಸಿಕ್ಕಿತು. ಆಮೇಲೆ ನೀನು ಸಿಕ್ಕೆ.

ಇದನ್ನೆಲ್ಲ ಎದುರಿಗೆ ಹೇಳುತ್ತಿರಲಿಲ್ಲ. ಈಗ ನಿನಗೆ ಓದಲು ಬರುತ್ತದೆ, ಅದಕ್ಕೆ ಬರೆದೆ. ನೀನು ಆರು ತಿಂಗಳು ಸುಮ್ಮನಾದಾಗ ನಾನು ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಿದ್ದೆ.

ವಡೋದರಾಕ್ಕೆ ಒಟ್ಟಿಗೆ ಹೋಗೋಣ. ದಿನ ಹೇಳು.

ವಾಸುದೇವ ಅಂಕಲ್


ಸೂರತ್, 16 ಫೆಬ್ರುವರಿ 2025

ಅಂಕಲ್,

ವಡೋದರಾಕ್ಕೆ ಈಗ ಆಗುವುದಿಲ್ಲ. ಮನೆಯಲ್ಲಿ ಅಪ್ಪನಿಗೆ ಈ ಆಟದ ಹೆಸರು ಕೇಳಿದರೆ ಆಗುವುದಿಲ್ಲ. ಅವರು ಡ್ಯೂಟಿಗೆ ಹೋದಾಗ ಹೋಗಿ, ಬರುವುದರೊಳಗೆ ಬಂದುಬಿಡಬೇಕು. ಸೂರತ್ತಿನಲ್ಲಿ ಇನ್ನೂ ಎರಡು ನೋಡಿಯಾಯಿತು.

ನಿಮ್ಮನ್ನು ಒಂದು ಮಾತು ಕೇಳಬೇಕು. ಬೇಸರ ಮಾಡಿಕೊಳ್ಳಬೇಡಿ. ನನ್ನ ಹಳೆಯ ಫೋನು ಒಡೆದು ಅದರಲ್ಲಿದ್ದ ಮೆಸೇಜುಗಳೆಲ್ಲ ಹೋದವು. ಜುಲೈ ಹದಿನಾಲ್ಕರಂದು ಏನಾಗಬೇಕಿತ್ತು? ನಾನು ಎಲ್ಲಿಗೆ ಬರುತ್ತೇನೆ ಎಂದಿದ್ದೆ? ವಡೋದರಾದಲ್ಲಿ ಯಾರಾದರೂ ನನಗಾಗಿ ಕಾಯುತ್ತಿದ್ದರೇ? ಯಾವುದಾದರೂ ಹುಡುಗಿಯ ವಿಷಯ ನಿಮ್ಮ ಹತ್ತಿರ ಹೇಳಿದ್ದೆನೇ? ನನಗೆ ನೆನಪಿಲ್ಲ. ನಿಜವಾಗಿಯೂ ನೆನಪಿಲ್ಲ. ದಯವಿಟ್ಟು ಒಂದನ್ನೂ ಬಿಡದೆ ಬರೆಯಿರಿ.

ಕಶ್ಯಪ್


ಅಹಮದಾಬಾದ್, 17 ಫೆಬ್ರುವರಿ 2025

ಕಶ್ಯಪ,

ವಿಚಿತ್ರ ಪ್ರಶ್ನೆ ಕೇಳುತ್ತೀಯ. ಹುಡುಗಿಯ ವಿಷಯ ನೀನೇನೂ ಹೇಳಿರಲಿಲ್ಲ. ಕಾಯುತ್ತಿದ್ದವನು ನಾನು. ನಿಜವಾಗಿ ಮರೆತಿದ್ದೀಯೋ, ಮರೆತ ಹಾಗೆ ಮಾಡಿ ರಾಜಿಯಾಗುತ್ತಿದ್ದೀಯೋ? ಎರಡಾದರೂ ಸರಿ, ಹೇಳಿಬಿಡುತ್ತೇನೆ.

ವಡೋದರಾದ ಮಂಜಲ್‌ಪುರದಲ್ಲಿ ನಾನು ಹೊಸ ಡಬ್ಬಿ ಇಟ್ಟಿದ್ದೆ. ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸೈಟಿನಲ್ಲಿ ಬರುವುದಿತ್ತು. ಹೊಸ ಡಬ್ಬಿಯ ಚೀಟಿಯಲ್ಲಿ ಮೊದಲ ಸಹಿ ಮಾಡುವುದು ಈ ಆಟದಲ್ಲಿ ಎಂಥ ಹೆಮ್ಮೆ ಎಂದು ನಿನಗೆ ಹೇಳಬೇಕೇ? ನಿನಗೆ ಅದುವರೆಗೆ ಒಂದೂ ಮೊದಲ ಸಹಿ ಸಿಕ್ಕಿರಲಿಲ್ಲ. ಪ್ರತಿ ಸಲ ಆ ಮಂಥನ್ ನಿನಗಿಂತ ಮೊದಲು ಹೋಗಿರುತ್ತಿದ್ದ. ಅವನ ಮನೆ ಮಂಜಲ್‌ಪುರದಲ್ಲೇ. ನಿಯಮ ನಿಯಮ ಎಂದು ಎಲ್ಲರಿಗೂ ಬೈಯುವ ನಾನೇ ನಿಯಮ ಮುರಿದೆ. ಶನಿವಾರ ಸಂಜೆ ನಿನಗೆ ಜಾಗ ಹೇಳಿದೆ. "ಎಂಟರೊಳಗೆ ಬಂದುಬಿಡು. ಒಂದು ನಿಮಿಷ ತಡವಾದರೂ ಮಂಥನ್ ಹೊಡೆದುಕೊಂಡು ಹೋಗುತ್ತಾನೆ" ಎಂದು ಬರೆದೆ. "ಬಂದೇ ಬರ್ತೀನಿ ಅಂಕಲ್" ಎಂದೆ ನೀನು. ಬೆಳಿಗ್ಗೆ ಆರೂವರೆಗೆ ಮತ್ತೆ ಬರೆದೆ, ಎಲ್ಲಿದ್ದೀ ಎಂದು. ಅಂಕಲೇಶ್ವರ ಎಂದೆ. ಬೇಗ ಬೇಗ ಎಂದೆ ನಾನು.

ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬೆಂಚಿನ ಮೇಲೆ ಹನ್ನೊಂದರ ತನಕ ಕೂತಿದ್ದೆ. ಎಂಟೂ ಐದಕ್ಕೆ ಮಂಥನ್ ಬಂದು ಸಹಿ ಹಾಕಿ ನಗುತ್ತಾ ಹೋದ. ನಿನಗೆ ಏಳು ಸಲ ಫೋನು ಮಾಡಿದೆ. ಮಳೆ ನೋಡಿ ಅರ್ಧ ದಾರಿಯಿಂದ ವಾಪಸು ಹೋಗಿ ಮಲಗಿದ್ದೀ ಎಂದುಕೊಂಡೆ. ಮಾತಿಗೆ ಬೆಲೆಯಿಲ್ಲದವನು, ಇನ್ನು ಮುಖ ತೋರಿಸಬೇಡ ಎಂದು ಬರೆದೆ. ನೀನು ಉತ್ತರ ಕೊಡಲಿಲ್ಲ. ನಾನೂ ಹಟ ಹಿಡಿದೆ.

ಇಷ್ಟೇ ನಡೆದದ್ದು. ಈಗಲಾದರೂ ಹೇಳು, ಆ ದಿನ ಯಾಕೆ ಬರಲಿಲ್ಲ?

ವಾಸುದೇವ ಅಂಕಲ್


ಸೂರತ್, 18 ಫೆಬ್ರುವರಿ 2025
(ಬರೆದು ಕಳುಹಿಸದೆ ಉಳಿಸಿದ್ದು)

ಬೇಗ ಬೇಗ ಎಂದಿರಿ.

ಮಳೆ ಸುರಿಯುತ್ತಿತ್ತು. ಅವನು ಬೈಕ್ ಮೇಲಿದ್ದ. ನಿಮಗೆ ಉತ್ತರ ಕೊಡಲು ಎಲ್ಲೋ ನಿಂತಿರಬೇಕು, ಅಥವಾ ನಿಲ್ಲದೆಯೇ ಫೋನು ನೋಡಿರಬೇಕು. ಅದಾಗಿ ಅರ್ಧ ಗಂಟೆಯೊಳಗೆ ಎಲ್ಲ ಮುಗಿದಿತ್ತು. ನನಗೆ ಫೋನು ಬಂದದ್ದು ಏಳೂ ಹತ್ತಕ್ಕೆ.

ಏಳು ತಿಂಗಳು ನಾನು ಏನೆಲ್ಲ ಊಹಿಸಿದೆ. ಒಬ್ಬ ಹುಡುಗಿ ಇದ್ದಾಳೆ, ಅವಳಿಗೆ ಏನೋ ಕಷ್ಟ, ಇವನು ಓಡುತ್ತಿದ್ದಾನೆ ಎಂದುಕೊಂಡೆ. ಅವಳನ್ನು ಹುಡುಕಿ ಮನೆಗೆ ಕರೆತಂದು ಕೂರಿಸಿ ಅವನ ವಿಷಯ ಕೇಳಬೇಕು ಎಂದುಕೊಂಡಿದ್ದೆ. ಅವಳಿಗೆ ಮುಖವನ್ನೂ ಕೊಟ್ಟಿದ್ದೆ. ಹುಡುಗಿ ಇಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗಿನ ಚೀಟಿಯ ಮೊದಲ ಸಾಲು.

ನಿಮಗೆ ಗೊತ್ತಾಗಬೇಕು. ಗೊತ್ತಾಗಿ ನೀವು ನನ್ನ ಹಾಗೆ ಗೋಡೆ ನೋಡಿಕೊಂಡು ಕೂರಬೇಕು. ಈಗಲೇ ಕಳುಹಿಸುತ್ತೇನೆ. ನಾಳೆ ಕಳುಹಿಸುತ್ತೇನೆ.


ಅಹಮದಾಬಾದ್, 9 ಮಾರ್ಚ್ 2025

ಕಶ್ಯಪ,

ಮೂರು ವಾರವಾಯಿತು. ನಾನು ಬರೆದದ್ದರಲ್ಲಿ ನಿನಗೆ ನೋವಾಗುವಂಥದ್ದು ಏನಾದರೂ ಇತ್ತೇ? ಯಾಕೆ ಬರಲಿಲ್ಲ ಎಂದು ಕೇಳಿದ್ದು ತಪ್ಪಾದರೆ ಬಿಟ್ಟುಬಿಡು, ಹೇಳುವುದು ಬೇಡ. ವಡೋದರಾದ ಡಬ್ಬಿಗಳಿಗೆ ಸೈಟಿನವರು ಕೊನೆಯ ನೋಟಿಸು ಹಾಕಿದ್ದಾರೆ, ಏಪ್ರಿಲ್ ಕೊನೆಯ ತನಕ ಗಡುವು. ಮಾಲೀಕನೇ ಬರೆಯಬೇಕಂತೆ, ನಾನು ಕೇಳಿದರೆ ಒಪ್ಪುತ್ತಿಲ್ಲ. ಒಂದು ಸಾಲು ಬರೆ.

ವಾಸುದೇವ ಅಂಕಲ್


ಅಹಮದಾಬಾದ್, ಯುಗಾದಿ, 30 ಮಾರ್ಚ್ 2025

ಕಶ್ಯಪ,

ಹಬ್ಬದ ದಿನ ಬರೆಯುತ್ತಿದ್ದೇನೆ. ಬೇವು ಬೆಲ್ಲ ಕೊಟ್ಟರೆ ಮೊಮ್ಮಕ್ಕಳು ಬೇವನ್ನು ಉಗಿದವು. ನಿನಗೆ ಹೇಳಿದರೆ ನಗುತ್ತೀ ಎಂದುಕೊಂಡೆ. ದಿನಕ್ಕೆ ಹತ್ತು ಸಲ ಮೇಲ್ ತೆರೆದು ನೋಡುತ್ತೇನೆ. ಸೊಸೆ ಕೇಳುತ್ತಾಳೆ, ಪಪ್ಪಾ ಯಾರ ಪತ್ರ ಕಾಯ್ತಿದ್ದೀರಿ ಎಂದು. ಹುಷಾರಿಲ್ಲವೇನೋ? ನನಗೆ ಯಾಕೋ ಹೆದರಿಕೆಯಾಗುತ್ತಿದೆ. ಇನ್ನು ಹತ್ತು ದಿನ ನೋಡಿ, ನಾನೇ ಬರುತ್ತೇನೆ. ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ನಿನ್ನ ಮಿಲ್ಲಿನ ಹೆಸರು ನೆನಪಿದೆ.

ವಾಸುದೇವ ಅಂಕಲ್


ಅಹಮದಾಬಾದ್, 20 ಏಪ್ರಿಲ್ 2025

ಸಾವಿತ್ರಿಯಮ್ಮನವರಿಗೆ,

ನಿಮ್ಮ ಹೆಸರು ನಿಮ್ಮ ಯಜಮಾನರಿಂದ ತಿಳಿಯಿತು. ಗುರುವಾರ ಮಿಲ್ಲಿನ ಗೇಟಿನಲ್ಲಿ ಲ್ಯಾಬಿನ ಕಶ್ಯಪನನ್ನು ನೋಡಬೇಕು ಎಂದೆ. ಗೇಟಿನವನು ನನ್ನ ಮುಖವನ್ನೇ ನೋಡಿ ಒಳಗೆ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ನನ್ನ ವಯಸ್ಸಿನವರೊಬ್ಬರು ಬಂದರು. ಮೊಣಕೈ ತನಕ ನೀಲಿ ಬಣ್ಣ. ನನ್ನ ಹೆಸರು ಕೇಳಿ ಕನ್ನಡಕ್ಕೆ ತಿರುಗಿದರು.

"ನಾನು ಸುಬ್ರಹ್ಮಣ್ಯ, ಅವನ ತಂದೆ. ಏನ್ ಕೆಲ್ಸ ಇತ್ತು ಅವನ ಹತ್ರ?"

"ಕೆಲ್ಸ ಏನಿಲ್ಲ. ಎರಡು ತಿಂಗಳಾಯ್ತು ಪತ್ರ ಇಲ್ಲ. ಹುಷಾರಿದಾನಾ ಅಂತ ನೋಡಿ ಹೋಗೋಣ ಅಂತ ಬಂದೆ."

"ಯಾವ ಪತ್ರ?"

"ಫೆಬ್ರುವರಿ ತನಕ ಬರೀತಿದ್ದ. ಕನ್ನಡದಲ್ಲೇ."

ಅವರು ಗೇಟಿನ ಸರಳು ಹಿಡಿದುಕೊಂಡರು. "ಅವನು ಹೋಗಿ ಒಂಬತ್ತು ತಿಂಗಳಾಯ್ತು ಸ್ವಾಮಿ. ಅವನಿಗೆ ಕನ್ನಡ ಬರಿಯೋಕೆ ಬರ್ತಾನೇ ಇರ್ಲಿಲ್ಲ." ಸರಳು ಬಿಡದೆಯೇ ಮತ್ತೆ ಹೇಳಿದರು: "ನಮ್ಮನೇಲಿ ಕನ್ನಡ ಬರಿಯೋದು ನನ್ನ ಹೆಂಡ್ತಿ ಒಬ್ಬಳೇ. ಸಾವಿತ್ರಿ. ಊರಲ್ಲಿ ಟೀಚರ್ ಆಗಿದ್ಲು."

ಯಾವ ದಿನ ಎಂದು ನಾನು ಕೇಳಿದೆ. ಅವರು ಹೇಳಿದರು. ಎಲ್ಲಿ, ಎಷ್ಟು ಹೊತ್ತಿಗೆ ಎಂದೂ ಕೇಳಿದೆ. ಅದನ್ನೂ ಹೇಳಿದರು.

ಎಂಟು ಗಂಟೆಯ ಮಾತು, ಬೇಗ ಬೇಗ ಎಂದದ್ದು, ಯಾವುದನ್ನೂ ಹೇಳದೆ ಹೇಡಿಯ ಹಾಗೆ ಆಟೊ ಹತ್ತಿದೆ. ನಾನು ಬೆಂಚಿನ ಮೇಲೆ ಕೂತು ಮುಖ ತೋರಿಸಬೇಡ ಎಂದು ಬರೆಯುವಾಗ ಅವನು ಭರೂಚಿನ ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಹೊದ್ದಿದ್ದ. ನಿಮಗೆ ಇದು ಫೆಬ್ರುವರಿ ಹದಿನೇಳರಿಂದ ಗೊತ್ತು. ನಾನೇ ಬರೆದು ಹೇಳಿದ್ದೇನೆ, ನಗುನಗುತ್ತಾ.

ಇನ್ನೊಂದು ಒಪ್ಪಿಕೊಳ್ಳಬೇಕು. ಕಿವಿಯೋಲೆಯ ಪತ್ರ ಓದಿದ ದಿನವೇ ನನಗೆ ಅನುಮಾನ ಬಂದಿತ್ತು. ಇದು ಅವನು ಬರೆದದ್ದಲ್ಲ ಎನ್ನಿಸಿತ್ತು. ಕೇಳಲಿಲ್ಲ. ಕೇಳಿದರೆ ಪತ್ರ ನಿಂತುಹೋದೀತು ಎಂಬ ಭಯ. ಬೇರೆ ಯಾರೋ ಹುಡುಗಿಯ ಕೈಯಲ್ಲಿ ಬರೆಸುತ್ತಿದ್ದಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕ್ಷಮೆ ಕೇಳುವ ಮುಖ ನನಗಿಲ್ಲ. ಮನೆಯ ಹತ್ತಿರದ ನನ್ನ ಡಬ್ಬಿಗಳನ್ನೆಲ್ಲ ಕಿತ್ತು ತಂದಿದ್ದೇನೆ. ಉಳಿದವನ್ನೂ ಕೀಳುತ್ತೇನೆ. ಮಂಜಲ್‌ಪುರದ್ದನ್ನು ಕೀಳಲು ಹೊರಟು ಸ್ಟೇಷನ್ನಿನಿಂದ ಎರಡು ಸಲ ವಾಪಸು ಬಂದೆ. ಅಲ್ಲಿಗೆ ಕಾಲು ಹೋಗುತ್ತಿಲ್ಲ.

ವಾಸುದೇವ


ಸೂರತ್, 11 ಮೇ 2025

ವಾಸುದೇವ ಅವರಿಗೆ,

ನಿಮ್ಮ ಪತ್ರವನ್ನು ನನಗಿಂತ ಮೊದಲು ನಮ್ಮವರು ಓದಿದರು. ಆ ಗುರುವಾರ ಮಧ್ಯಾಹ್ನವೇ ಮಿಲ್ಲಿನಿಂದ ಬಂದರು. ಕೈ ಕೂಡ ತೊಳೆದಿರಲಿಲ್ಲ. "ಲ್ಯಾಪ್‌ಟಾಪ್ ಕೊಡು" ಅಂದರು, ಅಷ್ಟೇ. ಎಲ್ಲ ಪತ್ರ ಓದಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾನು ಬರೆದು ಕಳುಹಿಸದೆ ಇಟ್ಟಿದ್ದನ್ನೂ ಓದಿದರು. ಮೂರು ವಾರ ನನ್ನ ಜೊತೆ ಮಾತಿಲ್ಲ. ನೋಟಿಸಿನ ಗಡುವು ಮುಗಿಯುತ್ತದೆ, ಒಂದೇ ಒಂದು ಸಾಲು ಬರೆದು ಕೊಡುತ್ತೇನೆ ಎಂದು ನಾನು ಬೀರುವಿನ ಮುಂದೆ ಕೂತು ಬೇಡಿಕೊಂಡೆ. ಅವರು ಅಂಗಿ ಹಾಕಿಕೊಂಡು ಡ್ಯೂಟಿಗೆ ಹೋದರು. ವಡೋದರಾದ ಮೂರರಲ್ಲಿ ಎರಡು ಪಟ್ಟಿಯಿಂದ ಹೋದವು. ಸಯಾಜಿಬಾಗಿನದು ಒಂದು, ಸುರಸಾಗರದ್ದು ಒಂದು. ಆ ಜಾಗಗಳನ್ನು ನಾನು ನೋಡಿಯೇ ಇಲ್ಲ.

ನಿನ್ನೆ ಲ್ಯಾಪ್‌ಟಾಪನ್ನು ತಂದು ಊಟದ ಮೇಜಿನ ಮೇಲಿಟ್ಟರು. "ಅವರು ಕಾಯ್ತಿರ್ತಾರೆ, ಬರಿ" ಅಂದರು.

ಹೌದು, ಫೆಬ್ರುವರಿಯಿಂದ ನನಗೆ ಗೊತ್ತು. ನಿಮ್ಮನ್ನು ಶಪಿಸಿ ಬರೆದೆ, ಕಳುಹಿಸಲಿಲ್ಲ. ಕರುಣೆಯಿಂದ ಎಂದು ತಿಳಿಯಬೇಡಿ. ನಿಮಗೆ ನಿಜ ಗೊತ್ತಾದರೆ ಕಶ್ಯಪ ಎಂದು ಶುರುವಾಗುವ ಪತ್ರಗಳು ನಿಲ್ಲುತ್ತವೆ. ಅವನ ಗೆಳೆಯರು ಮೊದಲ ತಿಂಗಳು ಬಂದರು. ಆಮೇಲೆ ಯಾರೂ ಅವನ ಹೆಸರು ಹೇಳುತ್ತಿರಲಿಲ್ಲ. ನನ್ನ ಎದುರು ಹೇಳಬಾರದು ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ನೀವೊಬ್ಬರು ಅವನನ್ನು ಬೈಯುತ್ತಿದ್ದಿರಿ, ರೇಗಿಸುತ್ತಿದ್ದಿರಿ, ವಡೋದರಾಕ್ಕೆ ಬಾ ಎಂದು ಕರೆಯುತ್ತಿದ್ದಿರಿ. ಮಾರ್ಚಿನಲ್ಲಿ ನಿಮ್ಮ ಮೇಲೆ ಮೈಯೆಲ್ಲ ಉರಿಯುವಾಗಲೂ ದಿನಾ ಮೇಲ್ ತೆರೆದು ನೋಡುತ್ತಿದ್ದೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಹೊರಟೆ. ಆಗಲಿಲ್ಲ. ಆ ಮಾತು ಸುಳ್ಳಾಗುತ್ತದೆ. ಸುಳ್ಳು ಬರೆದದ್ದು ಸಾಕು.

ಸಾವಿತ್ರಿ


ಅಹಮದಾಬಾದ್, 18 ಮೇ 2025

ಅಮ್ಮ,

ನೀವು ಬರೆದದ್ದು ಸರಿ. ಕ್ಷಮಿಸಬೇಡಿ. ಆದರೆ ಸುಮ್ಮನಾಗಿಬಿಡಬೇಡಿ. ಬೈದಾದರೂ ಬರೆಯಿರಿ.

ನಾನು ಹೊರಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ಮಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ದಿನಾ ವಾಕಿಂಗ್ ಮಾಡಿ ಎಂದರು. ಎಲ್ಲಿಗೆ ಎಂದು ಕೇಳಿದೆ. ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ವಡೋದರಾದಲ್ಲಿ ಉಳಿದಿರುವ ಅವನ ಮೂರನೆಯ ಡಬ್ಬಿ, ಮಕರ್‌ಪುರಾದ್ದು, ಅದನ್ನಾದರೂ ಉಳಿಸಲು ನನಗೆ ಅಪ್ಪಣೆ ಕೊಡಿ. ಅಪ್ಪಣೆ ಇಲ್ಲದೆ ಮುಟ್ಟುವುದಿಲ್ಲ.

ವಾಸುದೇವ


ಸೂರತ್, 22 ಜೂನ್ 2025

ವಾಸುದೇವ ಅವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಇಲ್ಲಿ ನಡೆದದ್ದನ್ನು ಹೇಳಿ ಆಮೇಲೆ ನಿಮ್ಮ ಮಾತಿಗೆ ಬರುತ್ತೇನೆ.

ಜೂನ್ ಮೊದಲ ಭಾನುವಾರ ನಮ್ಮವರು ಕಾಫಿ ಕುಡಿಯುತ್ತಾ "ಈ ಊರಲ್ಲಿ ಇನ್ನೆಷ್ಟಿದೆ ನೋಡೋದು?" ಎಂದರು. ನನಗೆ ಮೊದಲು ತಿಳಿಯಲೇ ಇಲ್ಲ. ನಾಲ್ಕು ಎಂದೆ. ಚಪ್ಪಲಿ ಹಾಕಿಕೊಂಡರು. ತಾಪಿ ನದಿಯ ದಂಡೆಗೆ ಹೋದೆವು. ಫೋನು ನನ್ನ ಕೈಯಲ್ಲಿ, ಅವರು ಎರಡು ಹೆಜ್ಜೆ ಹಿಂದೆ. ಹುಡುಕುವುದಿಲ್ಲ ಎಂದು ಹೇಳಿಯೇ ಬಂದಿದ್ದರು. ನಾನು ಅರ್ಧ ಗಂಟೆ ಒದ್ದಾಡಿದ ಮೇಲೆ "ಇಲ್ಲಿ ಇಟ್ಟಿರಲ್ಲ ಅವನು, ಮಳೆನೀರು ಹರಿಯೋ ಜಾಗ ಇದು" ಎಂದು ಮೇಲಿನ ಕಟ್ಟೆಗೆ ಹತ್ತಿ, ಕಲ್ಲುಬೆಂಚಿನ ಅಡಿಗೆ ಕೈ ಹಾಕಿದರು. ತೆಗೆದುಬಿಟ್ಟರು.

ಅಲ್ಲೇ ಕೂತು ಚೀಟಿಯ ಹೆಸರುಗಳನ್ನು ಒಂದೊಂದಾಗಿ ಓದಿದರು. ಕೆಲವರು ಥ್ಯಾಂಕ್ಸ್ ಎಂದು ಬರೆದಿದ್ದಾರೆ. ಯಾರೋ ಒಬ್ಬರು, ಈ ಡಬ್ಬಿ ಇಲ್ಲದಿದ್ದರೆ ಸೂರತ್ತಿನಲ್ಲಿ ಇಷ್ಟು ಚಂದದ ಸೂರ್ಯಾಸ್ತ ಇದೆ ಎಂದು ತಿಳಿಯುತ್ತಿರಲಿಲ್ಲ ಎಂದು ಬರೆದಿದ್ದಾರೆ. "ಇಷ್ಟೊಂದು ಜನಕ್ಕೆ ಗೊತ್ತಿದ್ನಾ ಇವನು?" ಎಂದರು. ಆಮೇಲೆ ಅತ್ತರು. ಮಗ ಹೋದಾಗ ಅಳದವರು, ನದಿಯ ಕಟ್ಟೆಯ ಮೇಲೆ ವಾಕಿಂಗ್ ಹೋಗುವವರೆಲ್ಲ ನಿಂತು ನೋಡುವ ಹಾಗೆ ಅತ್ತರು.

ಮನೆಗೆ ಬರುವಾಗ ಆಟೊದಲ್ಲಿ ಹೇಳಿದ ಮಾತು ನಿಮಗೂ ತಿಳಿಯಲಿ. "ಶಿಫ್ಟಿಗೆ ಲೇಟಾಗತ್ತೆ, ಬೇಗ ಹೋಗೋ ಅಂತ ಅವನಿಗೆ ದಿನಾ ಬೈತಿದ್ದವನು ನಾನು. ಆ ಮನುಷ್ಯ ಒಂದೇ ದಿನ ಅಂದ. ನಾನು ಮೂರು ವರ್ಷ ಅಂದಿದೀನಿ." ಅವನನ್ನು ತಿಂಡಿ ತಿನ್ನದೆ ಹೋಗಲು ಬಿಟ್ಟವಳು ನಾನು.

ಸೈಟಿನವರಿಗೆ ನಿಜ ಬರೆದಿದ್ದೇನೆ. ಮಾಲೀಕ ಇಲ್ಲ, ನಾನು ಅವನ ತಾಯಿ, ಉಳಿದ ಒಂಬತ್ತನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು. ಇಂಗ್ಲಿಷಿನಲ್ಲಿ ಬರೆಯಲು ಎರಡು ದಿನ ಹಿಡಿಯಿತು. ಇನ್ನೂ ಉತ್ತರ ಬಂದಿಲ್ಲ. ಆಗುವುದಿಲ್ಲ ಎನ್ನಬಹುದು. ಎಂದರೂ ನಾನು ಆ ಜಾಗಗಳಿಗೆ ಹೋಗುವುದನ್ನು ಯಾರು ತಡೆಯುತ್ತಾರೆ?

ಮಕರ್‌ಪುರಾದ್ದನ್ನು ನೀವು ಮುಟ್ಟಬಹುದು. ನಿಮ್ಮ ಡಬ್ಬಿಗಳನ್ನು ಕೀಳುವುದನ್ನು ನಿಲ್ಲಿಸಿ. ಕಿತ್ತದ್ದನ್ನು ವಾಪಸು ಇಡಿ. ಮಂಜಲ್‌ಪುರದ್ದು ಇರಲಿ. ಅಲ್ಲಿಗೆ ನಾನು ಯಾವತ್ತೂ ಬರುವುದಿಲ್ಲ, ಆದರೂ ಇರಲಿ.

ಜುಲೈ ಮೂರು, ಗುರುವಾರ, ಆಷಾಢ ಶುದ್ಧ ಅಷ್ಟಮಿ. ಅವನ ವರ್ಷದ ತಿಥಿ. ನಮ್ಮವರೇ ನಿಮ್ಮನ್ನು ಕರೆಯಲು ಹೇಳಿದರು. ನನಗೆ ಪೂರ್ತಿ ಮನಸ್ಸಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿಮ್ಮನ್ನು ಕಂಡರೆ ನನಗೆ ಏನಾಗುತ್ತದೋ ತಿಳಿಯದು. ಮಾತಾಡದೆ ಇದ್ದೇನು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೇನು. ನೀವು ಕೈ ಮುಗಿಯಬೇಡಿ, ಕಾಲಿಗೆ ಬೀಳಬೇಡಿ. ನಮ್ಮವರ ಪಕ್ಕ ಊಟಕ್ಕೆ ಕೂತುಕೊಳ್ಳಿ. ಅವನು ಸರಖೇಜಿನಲ್ಲಿ ಏನು ಮಾಡಿದ, ಏನು ತಿಂದ, ಯಾವುದಕ್ಕೆ ನಕ್ಕ, ಎಲ್ಲವನ್ನೂ ಅವರಿಗೆ ಹೇಳಿ. ಸ್ವಲ್ಪ ಗಟ್ಟಿಯಾಗಿ ಹೇಳಿ. ಅಡುಗೆಮನೆಗೆ ಕೇಳಿಸಬೇಕು.

ಆ ಹೊತ್ತಿಗೆ ಇಲ್ಲಿ ಮಳೆ ಹಿಡಿದಿರುತ್ತದೆ. ರಸ್ತೆಯಲ್ಲಿ ಬೇಡ, ರೈಲಿನಲ್ಲಿ ಬನ್ನಿ. ಹನ್ನೆರಡಾದರೂ ಸರಿ, ಮೂರಾದರೂ ಸರಿ. ನೀವು ಬರುವ ತನಕ ಎಲೆ ಹಾಕುವುದಿಲ್ಲ. ಅವಸರ ಮಾಡಬೇಡಿ.

ಸಾವಿತ್ರಿ